ತಂದೆಯವರ ದನಿ ಸಣ್ಣದಾಗಿದೆ. ವಾಕ್ ಚಿಕಿತ್ಸೆ ನೆರವಾಗುವುದೇ?

ಪ್ರಶ್ನೆ: ಪಾರ್ಕಿನ್ಸನ್ ಕಾಯಿಲೆಯಿರುವ ನಮ್ಮ ತಂದೆಯವರ ಕೈನಡುಕ ಮಾತ್ರೆಯಿಂದ ತಗ್ಗಿದೆ, ಆದರೆ ಮಾತು ಕೇಳಿಸುವುದೇ ಇಲ್ಲ. ಕೇಳಿಸಲಿಲ್ಲವೆಂದರೆ, "ನಾನು ಸರಿಯಾಗೇ ಹೇಳ್ತಿದ್ದೀನಿ, ನಿಮಗೇ ಕಿವಿ ಮಂದ" ಎಂದು ರೇಗುತ್ತಾರೆ. ವಾಕ್ ಚಿಕಿತ್ಸೆಯಿಂದ ಪ್ರಯೋಜನವಿದೆಯೇ?
– ತೀರ್ಥಹಳ್ಳಿ ಕಡೆಯ ಓದುಗರು

ಉತ್ತರ: ಖಂಡಿತ ಇದೆ. ಆದರೆ ಅವರು ರೇಗುವುದು ಹಠದಿಂದಲ್ಲ ಎಂಬುದನ್ನು ಮನೆಯವರು ಮೊದಲು ತಿಳಿಯಬೇಕು. ಈ ಕಾಯಿಲೆಯಲ್ಲಿ, ಚಲನೆಗೆ ನೆರವಾಗುವ ಡೋಪಮಿನ್ ಎಂಬ ರಾಸಾಯನಿಕ ಮಿದುಳಿನಲ್ಲಿ ಕಡಿಮೆಯಾದಂತೆ ದೇಹದ ಚಲನೆಗಳು ಕಿರಿದಾಗುತ್ತವೆ. ಹೆಜ್ಜೆ ಗಿಡ್ಡವಾಗುವ ಹಾಗೆ, ಬರೆಯುವ ಅಕ್ಷರ ಸಣ್ಣದಾಗುವ ಹಾಗೆ, ಉಸಿರು, ಗಂಟಲು, ನಾಲಿಗೆ, ತುಟಿಗಳ ಚಲನೆಯೂ ಕುಗ್ಗುತ್ತದೆ. ಜೊತೆಗೆ ತಮ್ಮ ದನಿಯನ್ನು ತಾವೇ ಅಳೆಯುವ ಒಳಗಿನ ಅಂದಾಜು ತಪ್ಪುವುದರಿಂದ, ಪಿಸುಮಾತಿನಂಥ ದನಿಯೂ ಅವರಿಗೆ ಎಂದಿನ ದನಿಯಾಗಿಯೇ ತೋರುತ್ತದೆ, ಸಹಜ ದನಿಯಲ್ಲಿ ಆಡಿದರೆ ಕೂಗಾಡಿದಂತೆ ಅನ್ನಿಸುತ್ತದೆ. ಈ ಕಾಯಿಲೆಗೆ ಕೊಡುವ ಲೆವೊಡೋಪ ಮಾತ್ರೆ ಮೈಯ ಬಿಗಿತಕ್ಕೆ ಒದಗಿದಷ್ಟು ದನಿಗೆ ಒದಗುವುದಿಲ್ಲ.

ಚಿಕಿತ್ಸೆ ತಿದ್ದುವುದು ಈ ಅಂದಾಜನ್ನೇ. 1987ರಲ್ಲಿ ಅಮೆರಿಕದಲ್ಲಿ ರೂಪುಗೊಂಡ ಎಲ್‌ಎಸ್‌ವಿಟಿ ಲೌಡ್ ಎಂಬ, ಗಟ್ಟಿಯಾಗಿ ಮಾತಾಡಿಸಿ ದನಿ ತಿದ್ದುವ ಪದ್ಧತಿಯಲ್ಲಿ ವಾರಕ್ಕೆ 4 ದಿನದಂತೆ 4 ವಾರ, ದಿನಕ್ಕೊಂದು ಗಂಟೆ ಅಭ್ಯಾಸವಿರುತ್ತದೆ. ತುಂಬಾ ಉಸಿರೆಳೆದುಕೊಂಡು "ಆ" ಎಂದು ದೀರ್ಘವಾಗಿ, ಗಟ್ಟಿಯಾಗಿ ಹೇಳುವುದು. ಆಮೇಲೆ ನಿತ್ಯ ಬಳಸುವ 10 ಮಾತುಗಳನ್ನು ಅದೇ ದನಿಯಲ್ಲಿ ಹೇಳುವುದು. "ಕೊನೆಗಾರ ಬಂದನಾ?", "ಬಿಸಿನೀರು ಕಾದಿದೆಯಾ?" ಎಂಬ ಅವರದೇ ಮಾತುಗಳಿದ್ದರೆ ಅಭ್ಯಾಸ ಬೇಗ ಕೈಹಿಡಿಯುತ್ತದೆ. ಜಗಲಿಯಲ್ಲಿ ಕೂತು ಹೇಳಿದ ಆ ಮಾತನ್ನು ಮೊಬೈಲಿನಲ್ಲಿ ಮುದ್ರಿಸಿ ಅವರಿಗೇ ಕೇಳಿಸಿ: ನೀವು ನೂರು ಸಲ ಹೇಳಿದರೂ ಒಪ್ಪದವರು ಅದನ್ನು ಕೇಳಿ ಒಪ್ಪಬಹುದು. ಮಳೆಗಾಲದಲ್ಲಿ ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಮಾತ್ರ ಒಳಕೋಣೆಯಲ್ಲಿ, ಮುಖ ನೋಡಿಕೊಂಡು ಮಾತಾಡುವುದೇ ಒಳಿತು.

ವಾರಕ್ಕೆ ನಾಲ್ಕು ಸಲ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿಬರುವುದು ಇಂಥ ರೋಗಿಗೆ ಕಷ್ಟವೆಂಬುದು ನನಗೆ ಗೊತ್ತು. ಮೊದಲ ತಪಾಸಣೆಯನ್ನು ಎದುರಿಗೇ ಮಾಡಿಸಿ, ಉಳಿದದ್ದನ್ನು ವಿಡಿಯೊ ಕರೆಯಲ್ಲಿ ನಡೆಸಬಹುದೇ ಎಂದು ವಾಕ್ ಚಿಕಿತ್ಸಕರನ್ನು ಕೇಳಿ. ಹಾಗೆ ಮಾಡಿದರೂ ಫಲ ಸಿಗುತ್ತದೆ. ಈ ಕ್ಷೇತ್ರದಲ್ಲಿ ನಮ್ಮ ರಾಜ್ಯದ ದೊಡ್ಡ ನೆಲೆಯೆಂದರೆ 1965ರಲ್ಲಿ ಆರಂಭವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ. ಚಿಕಿತ್ಸೆ ಮುಗಿದ ಮೇಲೂ ದಿನವೂ ಅಭ್ಯಾಸ ಬಿಡಬಾರದು. ಬಿಟ್ಟರೆ ದನಿ ಮತ್ತೆ ತಗ್ಗುತ್ತದೆ.

ನೀವು ಕೇಳದಿದ್ದರೂ ಇದೊಂದನ್ನು ಹೇಳಲೇಬೇಕು. ಕಾಫಿ, ನೀರು ಕುಡಿಯುವಾಗ ಅವರಿಗೆ ಕೆಮ್ಮು ಬರುತ್ತಿದ್ದರೆ, ಊಟದ ನಂತರ ದನಿ ಗೊರಗೊರ ಎನ್ನುತ್ತಿದ್ದರೆ ತಡಮಾಡಬೇಡಿ. ನುಂಗಿದ್ದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಅಪಾಯವಿದೆ. ನುಂಗುವಿಕೆಯನ್ನೂ ಪರೀಕ್ಷಿಸುವವರು ಇದೇ ವಾಕ್ ಚಿಕಿತ್ಸಕರಾದ್ದರಿಂದ, ಮೊದಲ ಭೇಟಿಯಲ್ಲೇ ಅವರಿಗೆ ಇದನ್ನು ತಿಳಿಸಿ.