ಮಸುಕಾದ ಅಕ್ಷರ: ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ನೋಟ್‌ಪ್ಯಾಡ್ ತೆರೆದು ‘ದ ಧ ಥ’ ಎಂದು ಟೈಪ್ ಮಾಡಿ. ಅಕ್ಷರದ ಗಾತ್ರ 11 ಇರಲಿ. ದಿನಾ ಕೂರುವಷ್ಟೇ ದೂರದಲ್ಲಿ ಕೂತು ನೋಡಿ. ‘ಧ’ ಅಕ್ಷರದ ಕೆಳಗಿನ ಸೀಳು ಕಾಣುತ್ತಿದೆಯಾ? ‘ಥ’ ಒಳಗಿನ ಚುಕ್ಕಿ ಬೇರೆಯಾಗಿ ನಿಂತಿದೆಯಾ? ಈಗ ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆದು ಒತ್ತಕ್ಷರಗಳನ್ನು ನೋಡಿ. ಅವು ಒಂದಕ್ಕೊಂದು ಅಂಟಿ ಮುದ್ದೆಯಾಗಿದ್ದರೆ ಪರದೆಯಲ್ಲಿ ಏನೋ ತೊಂದರೆ ಇದೆ ಎಂದು ತಿಳಿಯಿರಿ.

ಕನ್ನಡ ಓದುವವರಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ ಎಂದು ನನಗನ್ನಿಸುತ್ತದೆ. ನಮ್ಮ ಲಿಪಿಯಲ್ಲಿ ಅರ್ಥವೇ ಬದಲಾಗುವಂಥ ಗುರುತುಗಳು ತುಂಬಾ ಸಣ್ಣವು. ಪರದೆ ಸ್ವಲ್ಪ ಮಸುಕಾದರೂ ಮೊದಲು ಪೆಟ್ಟು ತಿನ್ನುವುದು ಅವೇ.

ಸಮಸ್ಯೆ ಬಂದಾಗ ನಾವು ಸಾಮಾನ್ಯವಾಗಿ ಸುಮ್ನೆ ಒಂದಾದ ಮೇಲೊಂದು ಸೆಟ್ಟಿಂಗ್ ಬದಲಿಸುತ್ತಾ ಹೋಗುತ್ತೇವೆ. ಅದು ಬೇಡ. ಅಕ್ಷರ ನಮ್ಮ ಕಣ್ಣಿಗೆ ಬರುವ ದಾರಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಮೊದಲು ಪ್ರೋಗ್ರಾಂ ಅದನ್ನು ಬರೆಯುತ್ತದೆ. ವಿಂಡೋಸ್ ಅದನ್ನು ದೊಡ್ಡದೋ ಚಿಕ್ಕದೋ ಮಾಡುತ್ತದೆ. ಗ್ರಾಫಿಕ್ಸ್ ಡ್ರೈವರ್, ಅಂದರೆ ಚಿತ್ರ ಮೂಡಿಸುವ ಚಿಪ್ ಅನ್ನು ನಡೆಸುವ ಸಾಫ್ಟ್‌ವೇರ್, ಅದನ್ನು ಹೊರಗೆ ಕಳಿಸುತ್ತದೆ. ಆಮೇಲೆ ಕೇಬಲ್, ಆಮೇಲೆ ಮಾನಿಟರ್, ಕೊನೆಗೆ ಕಣ್ಣು. ಮಸುಕು ಈ ದಾರಿಯಲ್ಲಿ ಎಲ್ಲಿ ಸೇರಿಕೊಂಡಿತು ಎಂದು ಪತ್ತೆ ಹಚ್ಚಿದರೆ ಅರ್ಧ ಕೆಲಸ ಮುಗಿಯಿತು.

ಸ್ಕ್ರೀನ್‌ಶಾಟ್ ಪರೀಕ್ಷೆ

ಈ ದಾರಿಯನ್ನು ಎರಡು ಭಾಗ ಮಾಡುವ ಸುಲಭ ಉಪಾಯ ಸ್ಕ್ರೀನ್‌ಶಾಟ್. ಅದು ಕೇಬಲ್‌ಗೆ ಹೋಗುವ ಮೊದಲೇ, ಕಂಪ್ಯೂಟರ್ ಒಳಗೇ ಸಿದ್ಧವಾದ ಚಿತ್ರ. ವಿಂಡೋಸ್ ಕೀ ಜೊತೆ ಪ್ರಿಂಟ್ ಸ್ಕ್ರೀನ್ ಒತ್ತಿ. ಪಿಕ್ಚರ್ಸ್ ಫೋಲ್ಡರ್‌ನಲ್ಲಿ ಚಿತ್ರ ಉಳಿಯುತ್ತದೆ. ಅದನ್ನು ಫೋನಿಗೆ ಕಳಿಸಿ, ಅಲ್ಲಿ ಹಿಗ್ಗಿಸಿ ನೋಡಿ. ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಮೆಸೇಜ್ ಆ್ಯಪ್‌ಗಳು ಫೋಟೋವನ್ನು ಕುಗ್ಗಿಸುತ್ತವೆ. ಆಗ ಇಲ್ಲದ ಮಸುಕು ಬಂದು ಪರೀಕ್ಷೆಯೇ ಕೆಡುತ್ತದೆ.

ಫೋನಿನಲ್ಲಿ ಅಕ್ಷರ ಚೆನ್ನಾಗಿದ್ದರೆ ತಪ್ಪು ಇರುವುದು ರೆಸಲ್ಯೂಷನ್ (ಚಿತ್ರದಲ್ಲಿರುವ ಚುಕ್ಕಿಗಳ ಸಂಖ್ಯೆ), ಕೇಬಲ್ ಅಥವಾ ಮಾನಿಟರ್ ಕಡೆ. ಫೋನಿನಲ್ಲೂ ಮಸುಕಾಗಿದ್ದರೆ ತಪ್ಪು ಪ್ರೋಗ್ರಾಂ ಅಥವಾ ವಿಂಡೋಸ್ ಕಡೆ ಇದೆ.

ಊರಿನಲ್ಲಿ ಅಪ್ಪನ ಕಂಪ್ಯೂಟರ್‌ಗೆ ವಿಂಡೋಸ್ ಹೊಸದಾಗಿ ಹಾಕಿಸಿದ ಮೇಲೆ ಅಕ್ಷರಗಳೆಲ್ಲ ದಪ್ಪಗೆ, ಮಬ್ಬಾಗಿ ಕಾಣತೊಡಗಿದವು. ‘ನನ್ನ ಕಣ್ಣೇ ಮಂಜಾಗಿದೆ ಕಣೋ’ ಎಂದು ಅಪ್ಪ ಅಂದುಕೊಂಡಿದ್ದರು. ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲಿ ತೋರಿಸಿದೆ. ಅಕ್ಷರ ಸ್ಪಷ್ಟವಾಗಿತ್ತು. ಅಲ್ಲಿಂದ ಮುಂದೆ ಹುಡುಕುವುದು ಸುಲಭವಾಯಿತು.

ಚುಕ್ಕಿ ರಂಗೋಲಿಯ ಲೆಕ್ಕ

ಎಲ್‌ಸಿಡಿ ಪರದೆಯಲ್ಲಿ ಚುಕ್ಕಿಗಳ ಸಂಖ್ಯೆ ಕಾರ್ಖಾನೆಯಲ್ಲೇ ನಿಗದಿಯಾಗಿರುತ್ತದೆ. 1920×1080 ಪರದೆ ಎಂದರೆ ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು 20,73,600 ಚುಕ್ಕಿ. ಇದೇ ಅದರ ಸಹಜ ರೆಸಲ್ಯೂಷನ್. ಕಂಪ್ಯೂಟರ್ ಇಷ್ಟೇ ಚುಕ್ಕಿಯ ಚಿತ್ರ ಕಳಿಸಿದರೆ ಒಂದಕ್ಕೊಂದು ಸರಿಯಾಗಿ ಕೂರುತ್ತದೆ.

ಈಗ ಅಂಗಳದಲ್ಲಿ 21 ಚುಕ್ಕಿ ಇಟ್ಟಾಗಿದೆ, ಕೈಯಲ್ಲಿರುವುದು 15 ಚುಕ್ಕಿಯ ರಂಗೋಲಿ ಎಂದುಕೊಳ್ಳಿ. ಅದನ್ನು ಎಳೆದು ಹಿಗ್ಗಿಸಿದರೆ ಗೆರೆಗಳು ಚುಕ್ಕಿಯ ಮೇಲೆ ಬೀಳದೆ ನಡುವೆ ಬೀಳುತ್ತವೆ, ಅಲ್ವಾ? 1920 ಚುಕ್ಕಿಯ ಪರದೆಗೆ 1366×768 ಚಿತ್ರ ಕಳಿಸಿದಾಗ ಆಗುವುದೂ ಅದೇ. ಚಿತ್ರದ ಒಂದು ಚುಕ್ಕಿಯ ಪಾಲಿಗೆ ಪರದೆಯ ಸುಮಾರು 1.4 ಚುಕ್ಕಿ ಬರುತ್ತದೆ. ಅರ್ಧ ಚುಕ್ಕಿ ಹೊತ್ತಿಸಲು ಆಗುವುದಿಲ್ಲ. ಹಾಗಾಗಿ ಮಾನಿಟರ್ ಕಪ್ಪು ಬಿಳುಪಿನ ನಡುವಿನ ಬೂದು ಬಣ್ಣ ತುಂಬುತ್ತದೆ. ನಮಗೆ ಮಸುಕಾಗಿ ಕಾಣುವುದು ಆ ಬೂದು ಅಂಚು.

ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್ಪ್ಲೇ ಎಂದು ಹೋಗಿ. ರೆಸಲ್ಯೂಷನ್ ಪಟ್ಟಿಯಲ್ಲಿ ‘ರೆಕಮೆಂಡೆಡ್’ ಎಂದು ಬರೆದಿರುವುದನ್ನೇ ಆರಿಸಿ. ಅಕ್ಷರ ಚಿಕ್ಕದಾಯಿತು ಎಂದು ರೆಸಲ್ಯೂಷನ್ ಇಳಿಸುವವರು ತುಂಬಾ ಜನ. ದಯವಿಟ್ಟು ಹಾಗೆ ಮಾಡಬೇಡಿ. ಅದೇ ಪುಟದಲ್ಲಿ ‘ಸ್ಕೇಲ್’ ಇದೆ. ಅದನ್ನು 125 ಅಥವಾ 150 ಮಾಡಿ. ರೆಸಲ್ಯೂಷನ್ ಇಳಿಸಿದರೆ ಮಸುಕಾದ ದೊಡ್ಡ ಅಕ್ಷರ ಸಿಗುತ್ತದೆ. ಸ್ಕೇಲ್ ಏರಿಸಿದರೆ ಹೆಚ್ಚು ಚುಕ್ಕಿಗಳಿಂದ ಬರೆದ ದೊಡ್ಡ ಅಕ್ಷರ ಸಿಗುತ್ತದೆ.

ಪಟ್ಟಿಯಲ್ಲಿ ಸರಿಯಾದ ಸಂಖ್ಯೆಯೇ ಇಲ್ಲದಿದ್ದರೆ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್ಪ್ಲೇ ಅಡಾಪ್ಟರ್ಸ್’ ನೋಡಿ. ಅಲ್ಲಿ ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್ಪ್ಲೇ ಅಡಾಪ್ಟರ್’ ಎಂದಿದ್ದರೆ ನಿಮ್ಮ ಗ್ರಾಫಿಕ್ಸ್ ಚಿಪ್‌ನ ಡ್ರೈವರ್ ಇನ್ನೂ ಸೇರಿಲ್ಲ, ತಾತ್ಕಾಲಿಕ ಡ್ರೈವರ್ ಕೆಲಸ ಮಾಡುತ್ತಿದೆ ಎಂದರ್ಥ. ಅಪ್ಪನ ಕಂಪ್ಯೂಟರ್‌ನಲ್ಲಿ ಆಗಿದ್ದು ಇದೇ. ಪರದೆ 1920×1080 ಆಗಿದ್ದರೂ 1024×768 ಚಿತ್ರ ಹೋಗುತ್ತಿತ್ತು. ವಿಂಡೋಸ್ ಅಪ್‌ಡೇಟ್‌ನಿಂದ ಡ್ರೈವರ್ ಹಾಕಿದ ಕೂಡಲೇ ಅಕ್ಷರದ ದಪ್ಪ ಇಳಿಯಿತು.

ಆದರೂ ಒಂದು ನೆರಳು ಉಳಿದಿತ್ತು

ಪ್ರತಿ ಅಕ್ಷರದ ಬಲಕ್ಕೆ ತೆಳುವಾದ ನೆರಳು. ಕಾರಣ ನೀಲಿ ತುದಿಯ, ಎರಡು ಸ್ಕ್ರೂ ಇರುವ ವಿಜಿಎ ಕೇಬಲ್. ಈ ಪದ್ಧತಿ 1987ರಲ್ಲಿ ಬಂದದ್ದು. ಇದರಲ್ಲಿ ಚಿತ್ರ ಅಂಕಿಗಳಾಗಿ ಹೋಗುವುದಿಲ್ಲ, ಏರಿಳಿಯುವ ವಿದ್ಯುತ್ ಅಲೆಯಾಗಿ ಹೋಗುತ್ತದೆ. ಒಂದು ಚುಕ್ಕಿ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಎಂದು ಮಾನಿಟರ್ ಅಂದಾಜು ಮಾಡಬೇಕು. ಅಂದಾಜು ಸ್ವಲ್ಪ ತಪ್ಪಿದರೂ ಎರಡು ಚುಕ್ಕಿ ಬೆರೆಯುತ್ತವೆ. ಕೇಬಲ್ ಉದ್ದವಾದಷ್ಟೂ, ಹಳೆಯದಾದಷ್ಟೂ ನೆರಳು ಜಾಸ್ತಿ.

ಮಾನಿಟರ್‌ನ ‘ಆಟೋ’ ಬಟನ್ ಈ ಅಂದಾಜನ್ನು ಮತ್ತೆ ಮಾಡಿಸುತ್ತದೆ. ಒತ್ತುವ ಮುಂಚೆ ಪರದೆ ತುಂಬಾ ಅಕ್ಷರ ಇರುವ ಪುಟ ತೆರೆದಿಡಿ. ಖಾಲಿ ಪುಟ ಇದ್ದರೆ ಮಾನಿಟರ್‌ಗೆ ಅಳೆಯಲು ಅಂಚುಗಳೇ ಸಿಗುವುದಿಲ್ಲ. ಪರದೆಯ ಉದ್ದಕ್ಕೂ ಸ್ಪಷ್ಟ, ಮಸುಕು, ಸ್ಪಷ್ಟ, ಮಸುಕು ಎಂದು ನಿಂತ ಪಟ್ಟಿಗಳು ಕಂಡರೆ ಮೆನುವಿನಲ್ಲಿ ‘ಕ್ಲಾಕ್’ ಸರಿಪಡಿಸಿ. ಎಲ್ಲ ಕಡೆ ಅಕ್ಷರ ಒಂದೇ ರೀತಿ ನಡುಗುತ್ತಿದ್ದರೆ ‘ಫೇಸ್’ ಸರಿಪಡಿಸಿ. ಎರಡೂ ಕಡೆ ಎಚ್‌ಡಿಎಂಐ ಜಾಗ ಇದ್ದರೆ ಈ ಶ್ರಮವೇ ಬೇಡ, ಕೇಬಲ್ ಬದಲಿಸಿ. ಅದು ಚಿತ್ರವನ್ನು ಅಂಕಿಗಳಾಗಿಯೇ ಒಯ್ಯುತ್ತದೆ.

ಟಿವಿಯನ್ನು ಮಾನಿಟರ್ ಮಾಡಿಕೊಂಡವರಿಗೆ

32 ಇಂಚಿನ, 1366×768 ಚುಕ್ಕಿಯ ಟಿವಿಯಲ್ಲಿ ಒಂದು ಇಂಚಿಗೆ ಬರುವುದು ಸುಮಾರು 49 ಚುಕ್ಕಿ. 15.6 ಇಂಚಿನ ಲ್ಯಾಪ್‌ಟಾಪ್‌ನಲ್ಲಿ ಅಷ್ಟೇ ಚುಕ್ಕಿಗಳಿದ್ದರೆ ಇಂಚಿಗೆ ಸುಮಾರು 100. ಮೇಜಿನ ಮೇಲಿಟ್ಟು ಹತ್ತಿರದಿಂದ ನೋಡಿದರೆ ಟಿವಿಯ ಚುಕ್ಕಿಗಳೇ ಕಾಣುತ್ತವೆ. ಅದು ದೋಷವಲ್ಲ, ದೂರ ಕೂರಬೇಕು ಅಷ್ಟೇ.

ಆದರೆ ಸರಿಪಡಿಸಬಹುದಾದ ಮೂರು ವಿಷಯಗಳಿವೆ. ಹಳೆಯ ಪಿಕ್ಚರ್ ಟ್ಯೂಬ್ ಕಾಲದಲ್ಲಿ ಚಿತ್ರದ ಅಂಚು ಪ್ರತಿ ಟಿವಿಯಲ್ಲೂ ಒಂದೊಂದು ರೀತಿ ಬೀಳುತ್ತಿತ್ತು. ಅದನ್ನು ಮುಚ್ಚಲು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ಅಂಚು ಕತ್ತರಿಸುತ್ತಿದ್ದರು. ಈ ಅಭ್ಯಾಸ ಇಂದಿನ ಎಷ್ಟೋ ಟಿವಿಗಳಲ್ಲೂ ಉಳಿದಿದೆ. ಟಾಸ್ಕ್‌ಬಾರ್ ಅರ್ಧ ಮರೆಯಾಗಿದ್ದರೆ ಇದೇ ಕಾರಣ. ಪಿಕ್ಚರ್ ಸೈಜ್‌ನಲ್ಲಿ ‘ಜಸ್ಟ್ ಸ್ಕ್ಯಾನ್’, ‘ಸ್ಕ್ರೀನ್ ಫಿಟ್’, ‘1:1’ ಎಂಬಂಥ ಹೆಸರು ಹುಡುಕಿ.

ಎರಡನೆಯದು ಬಣ್ಣ. ಸಿನಿಮಾಗಾಗಿ ಮಾಡಿದ ಒಂದು ಏರ್ಪಾಡಿನಲ್ಲಿ ನಾಲ್ಕು ಚುಕ್ಕಿಗೆ ಒಂದೇ ಬಣ್ಣದ ಮಾಹಿತಿ ಹಂಚುತ್ತಾರೆ. ಸಿನಿಮಾ ನೋಡುವಾಗ ಗೊತ್ತೇ ಆಗುವುದಿಲ್ಲ. ಕಪ್ಪಿನ ಮೇಲೆ ಕೆಂಪು ಅಕ್ಷರ ಬರೆದು ನೋಡಿ, ಬಣ್ಣ ಸೋರಿದಂತೆ ಕಾಣುತ್ತದೆ. ಬಹಳಷ್ಟು ಟಿವಿಗಳಲ್ಲಿ ಕಂಪ್ಯೂಟರ್ ಸೇರಿಸಿರುವ ಎಚ್‌ಡಿಎಂಐ ಇನ್‌ಪುಟ್‌ಗೆ ‘ಪಿಸಿ’ ಎಂದು ಹೆಸರು ಕೊಟ್ಟರೆ ಇದು ಸರಿಹೋಗುತ್ತದೆ. ಮೂರನೆಯದು ‘ಶಾರ್ಪ್‌ನೆಸ್’. ಹೆಸರು ನಂಬಿ ಅದನ್ನು ಏರಿಸಿದರೆ ಅಕ್ಷರದ ಸುತ್ತ ಬಿಳಿ ಅಂಚು ಬರುತ್ತದೆ. ಆ ಅಂಚು ಹೋಗುವವರೆಗೆ ಇಳಿಸಿ.

ಸ್ಕ್ರೀನ್‌ಶಾಟ್‌ನಲ್ಲೇ ಮಸುಕಿದ್ದರೆ

ಎಲ್ಲಾ ಚೆನ್ನಾಗಿದ್ದು ಒಂದೇ ಪ್ರೋಗ್ರಾಂ ಮಸುಕಾಗಿದ್ದರೆ ಅದು ಹಳೆಯದಾಗಿರುವ ಸಾಧ್ಯತೆ ಹೆಚ್ಚು. ವಿಂಡೋಸ್ ಲೆಕ್ಕದಲ್ಲಿ 100 ಪರ್ಸೆಂಟ್ ಸ್ಕೇಲ್ ಎಂದರೆ ಇಂಚಿಗೆ 96 ಚುಕ್ಕಿ. ಹಳೆಯ ಪ್ರೋಗ್ರಾಂಗಳು ಅಷ್ಟನ್ನೇ ನಂಬಿ ಬರೆಯುತ್ತವೆ. ನೀವು ಸ್ಕೇಲ್ 150 ಇಟ್ಟಾಗ ವಿಂಡೋಸ್ ಅವುಗಳ ಚಿತ್ರವನ್ನು ಹಾಗೇ ಎಳೆದು ಹಿಗ್ಗಿಸುತ್ತದೆ. ಮತ್ತೆ ರಂಗೋಲಿಯ ಕತೆಯೇ.

ಆ ಪ್ರೋಗ್ರಾಂ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ‘ಚೇಂಜ್ ಹೈ ಡಿಪಿಐ ಸೆಟ್ಟಿಂಗ್ಸ್’ ಎಂದು ಹೋಗಿ. ಕೊನೆಯ ಚೌಕಕ್ಕೆ ಟಿಕ್ ಹಾಕಿ ‘ಸಿಸ್ಟಮ್ ಎನ್‌ಹಾನ್ಸ್ಡ್’ ಆರಿಸಿ ನೋಡಿ. ಅದರಿಂದ ಬಟನ್‌ಗಳು ಎಡವಟ್ಟಾದರೆ ‘ಅಪ್ಲಿಕೇಶನ್’ ಆರಿಸಿ. ಆಗ ಅಕ್ಷರ ಚೂಪಾಗುತ್ತದೆ, ಆದರೆ ಚಿಕ್ಕದಾಗುತ್ತದೆ.

ಕ್ಲಿಯರ್‌ಟೈಪ್ ಬಗ್ಗೆಯೂ ಹೇಳಬೇಕು. ಪ್ರತಿ ಚುಕ್ಕಿಯೊಳಗೆ ಕೆಂಪು, ಹಸಿರು, ನೀಲಿ ಮೂರು ಪಟ್ಟಿಗಳಿರುತ್ತವೆ. ಅವನ್ನು ಬೇರೆ ಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯ ಮಾಡುವ ವಿದ್ಯೆ ಅದು. ಮೈಕ್ರೋಸಾಫ್ಟ್ 1998ರಲ್ಲಿ ಇದನ್ನು ಪ್ರಕಟಿಸಿತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಸೇರಿಸಿತು. ಸ್ಟಾರ್ಟ್ ಮೆನುವಿನಲ್ಲಿ ‘ಕ್ಲಿಯರ್‌ಟೈಪ್’ ಎಂದು ಹುಡುಕಿದರೆ ಹೊಂದಿಸುವ ಕಿಟಕಿ ಸಿಗುತ್ತದೆ. ಆದರೆ ಇದನ್ನು ಕೊನೆಗೆ ಮಾಡಿ. ರೆಸಲ್ಯೂಷನ್ ತಪ್ಪಿದ್ದಾಗ ಆ ಪಟ್ಟಿಗಳ ಲೆಕ್ಕವೂ ತಪ್ಪಿ ಅಕ್ಷರದ ಅಂಚಿಗೆ ಬಣ್ಣ ಮೆತ್ತಿಕೊಳ್ಳುತ್ತದೆ.

ಪರದೆ ಮಿನುಗುತ್ತಿದ್ದರೆ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಅದೂ ಮಿನುಗಿದರೆ ಡ್ರೈವರ್ ನೋಡಿ. ಅದೊಂದು ನೆಟ್ಟಗಿದ್ದು ಉಳಿದದ್ದು ಮಿನುಗಿದರೆ ಯಾವುದೋ ಪ್ರೋಗ್ರಾಂ ಕಾರಣ.

ಕೊನೆಗೆ ಕಣ್ಣು

ಮಾನಿಟರ್ ಪಕ್ಕದಲ್ಲಿ, ಅಷ್ಟೇ ದೂರಕ್ಕೆ, ದಿನಪತ್ರಿಕೆ ಹಿಡಿದು ನೋಡಿ. ಅಲ್ಲೂ ‘ಧ’ ಅಕ್ಷರದ ಸೀಳು ಕಾಣದಿದ್ದರೆ ಕಂಪ್ಯೂಟರ್ ಬಿಟ್ಟು ಕಣ್ಣಿನ ಡಾಕ್ಟರ್ ಹತ್ತಿರ ಹೋಗಿ. ಅಪ್ಪನ ಪರದೆ ಸರಿಯಾದ ಮೇಲೂ ಅವರು ಗದ್ದ ಎತ್ತಿ ಓದುತ್ತಿದ್ದರು. ಅವರದು ಎರಡು ಭಾಗದ ಕನ್ನಡಕ. ಓದುವ ಭಾಗ ಕೆಳಗಿದೆ, ಅದೂ ಕೈಯಲ್ಲಿ ಪುಸ್ತಕ ಹಿಡಿಯುವಷ್ಟು ದೂರಕ್ಕೆ. ಮಾನಿಟರ್ ಇರುವುದು ಅದಕ್ಕಿಂತ ದೂರದಲ್ಲಿ, ಕಣ್ಣಿನ ನೇರಕ್ಕೆ. ಡಾಕ್ಟರ್ ಮಾನಿಟರ್ ದೂರವನ್ನು ಅಳೆದು ತರಲು ಹೇಳಿದರು. ಟೇಪ್ ಹಿಡಿದು ಅಳೆದೆವು, 60 ಸೆಂಟಿಮೀಟರ್. ಆ ದೂರಕ್ಕೆಂದೇ ಮಾಡಿಸಿದ ಕನ್ನಡಕ ಈಗ ಕೀಬೋರ್ಡ್ ಪಕ್ಕದಲ್ಲೇ ಇರುತ್ತದೆ.