ಮನಸ್ಸು, ಬುದ್ಧಿ, ಚಿತ್ತ: ಮೂರೂ ಒಂದೇ ಅಲ್ಲವೇ?

ಪ್ರಶ್ನೆ: ವೇದಾಂತದ ಪುಸ್ತಕಗಳಲ್ಲಿ ಮನಸ್ಸು, ಬುದ್ಧಿ, ಚಿತ್ತ, ಅಹಂಕಾರ ಎಂದು ನಾಲ್ಕು ಹೆಸರು ಬರುತ್ತವೆ. ಎಲ್ಲವೂ ಮನಸ್ಸೇ ತಾನೆ?

ಉತ್ತರ: ವೇದಾಂತದ ಅದ್ವೈತ ಪಂಥದವರನ್ನು ಕೇಳಿದರೆ ಒಳಗಿರುವುದು ಒಂದೇ. ಅದರ ಹೆಸರು ಅಂತಃಕರಣ, ಅಂದರೆ ಒಳಗಿನ ಸಲಕರಣೆ. ಅದು ‘ಹೀಗೋ ಹಾಗೋ’ ಎಂದು ತೂಗಾಡುವಾಗ ಮನಸ್ಸು, ‘ಹೀಗೇ’ ಎಂದು ನಿಶ್ಚಯಿಸಿದಾಗ ಬುದ್ಧಿ, ನೆನಪು ಕೆದಕುವಾಗ ಚಿತ್ತ, ‘ನಾನು’ ಎಂದಾಗ ಅಹಂಕಾರ. ಸಾಂಖ್ಯ ಎಂಬ ಇನ್ನೊಂದು ದರ್ಶನದವರ ಲೆಕ್ಕ ಬೇರೆ. ಅವರಿಗೆ ಬುದ್ಧಿ, ಅಹಂಕಾರ, ಮನಸ್ಸು ಪ್ರತ್ಯೇಕ ತತ್ತ್ವಗಳು. ಬುದ್ಧಿಯಿಂದ ಅಹಂಕಾರ, ಅಹಂಕಾರದಿಂದ ಮನಸ್ಸು ಹುಟ್ಟುತ್ತದೆ. ಯೋಗಸೂತ್ರದ ಪತಂಜಲಿ ಯೋಗವನ್ನು ‘ಚಿತ್ತವೃತ್ತಿನಿರೋಧ’, ಅಂದರೆ ಚಿತ್ತದ ಅಲೆದಾಟವನ್ನು ತಡೆಯುವುದು ಎನ್ನುವಾಗ, ಚಿತ್ತ ಎಂದರೆ ಇವೆಲ್ಲವೂ ಸೇರಿದ್ದು.

ಗೊಂದಲ ಹುಟ್ಟುವುದು ಶಾಸ್ತ್ರದಿಂದಲ್ಲ, ನಮ್ಮ ಆಡುನುಡಿಯಿಂದ ಎಂದು ನನ್ನ ಅನುಮಾನ. ಶಾಸ್ತ್ರದಲ್ಲಿ ಮನಸ್ಸು ನಿರ್ಧಾರ ಮಾಡಲಾರದು. ಕನ್ನಡದಲ್ಲಿ ‘ಅವನು ಮನಸ್ಸು ಮಾಡಿದರೆ ಆಗದ್ದೇನು?’ ಎನ್ನುತ್ತೇವೆ. ಬುದ್ಧಿಯ ಅವಸ್ಥೆಯಂತೂ ಕೇಳಲೇಬೇಡಿ. ‘ಬುದ್ಧಿ ಹೇಳು’ ಎಂದರೆ ಉಪದೇಶ, ‘ಬುದ್ಧಿ ಕಲಿಸುತ್ತೇನೆ’ ಎಂದರೆ ಬೆದರಿಕೆ, ‘ಅವನ ಬುದ್ಧಿಯೇ ಅಷ್ಟು’ ಎಂದರೆ ಸ್ವಭಾವ. ಹಿಂದೆ ಒಡೆಯರ ಮುಂದೆ ಕೈಕಟ್ಟಿ ನಿಂತವರು ಅವರನ್ನೇ ‘ಬುದ್ಧೀ’ ಎಂದು ಕರೆಯುತ್ತಿದ್ದರು. ಚಿತ್ತಕ್ಕೂ ನೆನಪಿಗೂ ನಂಟು ಕಳಚಿದೆ. ‘ನಿಮ್ಮ ಚಿತ್ತ’ ಎಂದರೆ ನಿಮ್ಮ ಇಷ್ಟ. ಅಹಂಕಾರ ಬರೀ ಜಂಬವಾಯಿತು. ಅಂತಃಕರಣಕ್ಕೆ ಮಾತ್ರ ಬಡ್ತಿ ಸಿಕ್ಕಿತು: ‘ಅಂತಃಕರಣವಿರುವ ಮನುಷ್ಯ’ ಎಂದರೆ ಕರುಣೆಯುಳ್ಳವನು. ಸಲಕರಣೆಯೊಂದು ಗುಣವಾದ ಕಥೆ ನನಗೆ ಬಹಳ ಇಷ್ಟ. ಸಂಸ್ಕೃತದ ಈ ಪದಗಳ ಪಕ್ಕದಲ್ಲೇ ನಮ್ಮದೇ ‘ಬಗೆ’ಯೂ ಇತ್ತು. ಹಳಗನ್ನಡದಲ್ಲಿ ಅದು ಮನಸ್ಸು. ಇಂದು ಹೆಚ್ಚಾಗಿ ‘ವಿಧ’ ಎಂಬ ಅರ್ಥದಲ್ಲಿ ಉಳಿದಿದೆ. ‘ದ್ರೋಹ ಬಗೆದ’ ಎನ್ನುವಾಗ ಮಾತ್ರ ಹಳೆಯ ಯೋಚನೆಯ ವಾಸನೆ ತಗಲುತ್ತದೆ.

ಹಾಗಾಗಿ ವೇದಾಂತ ಓದುವಾಗ ಮನೆಮಾತಿನ ಅರ್ಥವನ್ನು ಬಾಗಿಲಲ್ಲೇ ಬಿಡಿ. ದಿನದ ಮಾತಿನಲ್ಲಿ ಈ ಪದಗಳನ್ನು ಅದಲುಬದಲು ಮಾಡಿದರೆ ನಷ್ಟವೇನಿಲ್ಲ, ಒಂದು ಕಡೆ ಬಿಟ್ಟು. ಬುದ್ಧಿಯ ಬೆಳವಣಿಗೆ ಕುಂಠಿತವಾದದ್ದು ಬೇರೆ, ಮನಸ್ಸಿನ ಕಾಯಿಲೆ ಬೇರೆ. ಭಾರತದ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯೂ ಬೌದ್ಧಿಕ ಅಂಗವೈಕಲ್ಯವನ್ನೂ ಮಾನಸಿಕ ಅಸ್ವಸ್ಥತೆಯನ್ನೂ ಬೇರೆ ಬೇರೆಯಾಗಿಯೇ ಹೇಳುತ್ತದೆ. ಖಿನ್ನತೆಯಿಂದ ಬಳಲುವವರನ್ನು ‘ಬುದ್ಧಿ ಸರಿಯಿಲ್ಲ’ ಎನ್ನುವುದು ಪದದ ತಪ್ಪಷ್ಟೇ ಅಲ್ಲ, ಅವರಿಗೆ ಮಾಡುವ ಅನ್ಯಾಯವೂ ಹೌದು.