ಆಲ್ ಸೀಸನ್ ಟೈರ್ ಅಂದರೇನು? ಮಲೆನಾಡಿನ ಸಣ್ಣ ಕಾರಿಗೆ ಯಾವುದು ಸರಿ?

ಶಿವಮೊಗ್ಗದ ಯಾವ ಟೈರ್ ಅಂಗಡಿಗೆ ಬೇಕಾದರೂ ಹೋಗಿ, 'ಮಳೆಗಾಲಕ್ಕೆ ಒಳ್ಳೆ ಟೈರ್ ಕೊಡಿ' ಅಂತ ಕೇಳಿ. 'ಎಲ್ಲಾ ಆಲ್ ಸೀಸನ್ನೇ ಸಾರ್, ಮಳೆ ಬಿಸಿಲು ಎಲ್ಲದಕ್ಕೂ ಆಗುತ್ತೆ' ಅನ್ನುವ ಉತ್ತರ ಸಿಗುವುದೇ ಹೆಚ್ಚು. ಅಂಗಡಿಯವರು ಮೋಸ ಮಾಡಲು ಹಾಗೆ ಹೇಳುವುದಿಲ್ಲ. ನಮ್ಮಲ್ಲಿ ಆ ಮಾತು ಹಾಗೇ ರೂಢಿಯಾಗಿದೆ. ಆದರೆ ಈ ಹೆಸರು ಹುಟ್ಟಿದ್ದು ಹಿಮ ಬೀಳುವ ದೇಶಗಳಲ್ಲಿ. ಅಲ್ಲಿ ಕಾರಿನ ಟೈರುಗಳನ್ನು ಮೂರು ಬಗೆ ಮಾಡುತ್ತಾರೆ. ಬೇಸಿಗೆ ಟೈರ್, ಚಳಿಗಾಲದ ಟೈರ್ ಅಂದರೆ ವಿಂಟರ್ ಟೈರ್, ಇವೆರಡರ ನಡುವೆ ಆಲ್ ಸೀಸನ್. ನಮ್ಮ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳು ಆ ವಿಂಗಡಣೆಯಲ್ಲಿ ಎಲ್ಲೂ ಬರುವುದಿಲ್ಲ.

ಮೂರಕ್ಕೂ ವ್ಯತ್ಯಾಸ ಶುರುವಾಗುವುದು ರಬ್ಬರಿನಿಂದ. ರಬ್ಬರ್ ಮೆತ್ತಗಿದ್ದರೆ ರಸ್ತೆಯ ಸಣ್ಣ ಸಣ್ಣ ತರಿಗಳೊಳಗೆ ಇಳಿದು ಹಿಡಿದುಕೊಳ್ಳುತ್ತದೆ. ಗಟ್ಟಿಯಾದರೆ ಮೇಲೆ ಮೇಲೆ ಜಾರುತ್ತದೆ. ಡಿಸೆಂಬರ್ ಬಂತೆಂದರೆ ಬಾಟಲಿಯ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದಲ್ಲ, ಬೇಸಿಗೆ ಟೈರಿನ ರಬ್ಬರ್ ಸಹ ಚಳಿಗೆ ಹಾಗೇ ಬಿಗಿಯುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಹಿಡಿತ ಕಮ್ಮಿಯಾಗುತ್ತಾ ಹೋಗುತ್ತದೆ ಅನ್ನುವುದು ಟೈರ್ ಕಂಪನಿಗಳು ಹೇಳುವ ಅಂದಾಜಿನ ಗೆರೆ. ಆರೂಮುಕ್ಕಾಲು ಡಿಗ್ರಿಗೆ ಏನೋ ಪವಾಡ ನಡೆಯುತ್ತದೆ ಅಂತ ತಿಳಿಯಬೇಡಿ, ಅದು ಬರೀ ಅಂದಾಜು.

ವಿಂಟರ್ ಟೈರಿನ ಮಿಶ್ರಣವೇ ಬೇರೆ. ಸೊನ್ನೆಗಿಂತ ಕೆಳಗೂ ಮೆತ್ತಗಿರಲಿ ಅಂತ ಅದರಲ್ಲಿ ನೈಸರ್ಗಿಕ ರಬ್ಬರ್ ಮತ್ತು ಸಿಲಿಕಾ ಜಾಸ್ತಿ ಹಾಕುತ್ತಾರೆ. ಅದರ ಬಟನ್‌ಗಳ ಮೇಲೆ, ಅಂದರೆ ನೆಲಕ್ಕೆ ತಾಗುವ ರಬ್ಬರ್ ಗಟ್ಟಿಗಳ ಮೇಲೆ, ಬ್ಲೇಡಿನಲ್ಲಿ ಗೀರಿದಂಥ ತೆಳು ಸೀಳುಗಳಿರುತ್ತವೆ. ಇವಕ್ಕೆ ಸೈಪ್ ಅನ್ನುತ್ತಾರೆ. ಚಕ್ರ ತಿರುಗುವಾಗ ಸೀಳು ಬಾಯಿ ಬಿಟ್ಟು ಹಿಮವನ್ನು ಕಚ್ಚಿಕೊಳ್ಳುತ್ತದೆ. ಹಿಮಕ್ಕೆ ಹಿಮವೇ ಚೆನ್ನಾಗಿ ಅಂಟುತ್ತದೆ, ಆದ್ದರಿಂದ ಹೀಗೆ ಹಿಮ ತುಂಬಿಕೊಂಡ ಟೈರ್ ಹಿಮದ ರಸ್ತೆಯಲ್ಲಿ ನಿಲ್ಲುತ್ತದೆ. ಹಿಮಕ್ಕೆಂದೇ ಟೈರನ್ನು ಮೊದಲು ಮಾಡಿದ್ದು ಫಿನ್ಲೆಂಡಿನಲ್ಲಿ, 1934ರಲ್ಲಿ. ಮೊದಲು ಲಾರಿಗೆ, ಎರಡು ವರ್ಷ ಬಿಟ್ಟು ಕಾರಿಗೆ. ಆ ಕಂಪನಿಯೇ ಇವತ್ತಿನ ನೋಕಿಯನ್.

ಆದರೆ ವರ್ಷಕ್ಕೆ ಎರಡು ಸಲ ನಾಲ್ಕೂ ಟೈರ್ ಬದಲಾಯಿಸುವುದು ಯಾರಿಗೆ ಬೇಕು? ಜರ್ಮನಿಯಲ್ಲಿ ಅಕ್ಟೋಬರಿನಿಂದ ಈಸ್ಟರ್ ಹಬ್ಬದವರೆಗೆ ವಿಂಟರ್ ಟೈರ್ ಅನ್ನುವ ವಾಡಿಕೆ ಇದೆ. ಉಳಿದ ಟೈರುಗಳನ್ನು ಅಷ್ಟು ದಿನ ಮನೆಯಲ್ಲೋ ಅಂಗಡಿಯಲ್ಲೋ ಇಡಬೇಕು. ಅಮೆರಿಕದ ಗುಡ್‌ಇಯರ್ 1977ರಲ್ಲಿ ಟಿಯೆಂಪೊ ಅನ್ನುವ ಆಲ್ ಸೀಸನ್ ರೇಡಿಯಲ್ ಟೈರ್ (ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಹೋಗುವ ಬಗೆ) ತಂದಿತು. ಬೇಸಿಗೆಗೂ ಸೈ, ಅಲ್ಪಸ್ವಲ್ಪ ಹಿಮಕ್ಕೂ ಸೈ. ಎರಡರಲ್ಲೂ ಎತ್ತಿದ ಕೈ ಅಲ್ಲ, ಎರಡರಲ್ಲೂ ಕೈ ಬಿಡುವುದೂ ಇಲ್ಲ. ಆಲ್ ಸೀಸನ್ ಅನ್ನುವುದರ ಪೂರ್ತಿ ಅರ್ಥ ಇಷ್ಟೇ.

ಇನ್ನು ಟೈರಿನ ಪಕ್ಕದ ಮೇಲೆ ಬರುವ ಎರಡು ಗುರುತುಗಳು. ಒಂದು 'ಎಂ+ಎಸ್', ಅಂದರೆ ಕೆಸರು ಮತ್ತು ಹಿಮ. ಮಲೆನಾಡಿನವರು ಮೋಸ ಹೋಗುವುದು ಇಲ್ಲೇ. ಕೆಸರು ಅಂದ ತಕ್ಷಣ ನಮ್ಮ ತೋಟದ ರಸ್ತೆಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ, ಅಲ್ವಾ? ಆದರೆ ಬಟನ್‌ಗಳ ನಡುವೆ ಇಂತಿಷ್ಟು ಜಾಗ ಇದೆ ಅಂತ ಕಂಪನಿಯೇ ಹಾಕಿಕೊಳ್ಳುವ ಗುರುತು ಅದು. ಕೆಸರಲ್ಲೋ ಹಿಮದಲ್ಲೋ ಓಡಿಸಿ ಪಾಸಾಗಿರಲೇಬೇಕು ಅಂತೇನಿಲ್ಲ. ಇನ್ನೊಂದು, ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ. 1999ರಲ್ಲಿ ಬಂದದ್ದು. ಹಿಮದ ಮೇಲೆ ಪರೀಕ್ಷೆ ಪಾಸಾದ ಟೈರಿಗೆ ಮಾತ್ರ ಇದು ಸಿಗುತ್ತದೆ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬರೀ ಎಂ+ಎಸ್ ಇದ್ದರೆ ಚಳಿಗಾಲದ ಟೈರ್ ಅಂತ ಒಪ್ಪುವುದಿಲ್ಲ, ಬೆಟ್ಟದ ಗುರುತು ಬೇಕೇ ಬೇಕು. ಅದಿರುವ ಆಲ್ ಸೀಸನ್ ಟೈರ್ ಅಲ್ಲಿ ಚಳಿಗಾಲಕ್ಕೂ ನಡೆಯುತ್ತದೆ.

ಈಗ ಮಲೆನಾಡಿನ ಪ್ರತಿ ಊರಿನಿಂದಲೂ ಯಾರಾದರೊಬ್ಬರು ಅಂಥ ದೇಶದಲ್ಲಿ ಇದ್ದೇ ಇರುತ್ತಾರೆ. 'ದೊಡ್ಡಪ್ಪಾ, ಘಾಟಿ ರಸ್ತೆ, ಚಳಿ ಬೇರೆ, ನೀವು ವಿಂಟರ್ ಟೈರ್ ಹಾಕಿಸಲ್ವಾ?' ಅಂತ ವಿಡಿಯೋ ಕಾಲ್‌ನಲ್ಲಿ ಕೇಳುತ್ತಾರೆ. 'ನಮ್ಮಲ್ಲಿ ಎಂಥ ಚಳಿ ಮಾರಾಯ' ಅನ್ನುವುದೇ ಸರಿಯಾದ ಉತ್ತರ. ಆಗುಂಬೆಯಲ್ಲಿ ಮಂಜು ಕವಿದು ಎದುರಿನ ಗಾಡಿ ಕಾಣದಿರಬಹುದು, ಆದರೆ ಪಾದರಸ 7 ಡಿಗ್ರಿಗೆ ಇಳಿದು ಅಲ್ಲೇ ತಿಂಗಳುಗಟ್ಟಲೆ ನಿಲ್ಲುವ ಜಾಗ ಶಿವಮೊಗ್ಗ ಜಿಲ್ಲೆಯಲ್ಲಿ ಇಲ್ಲ. ಅದೇ ಏಪ್ರಿಲ್ ಮಧ್ಯಾಹ್ನ ಶಿವಮೊಗ್ಗ ಪೇಟೆಯಲ್ಲಿ ಬಿಸಿಲು 36–37 ಡಿಗ್ರಿ ಮುಟ್ಟುತ್ತದೆ, ಡಾಂಬರು ಅದಕ್ಕಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಆ ಬಿಸಿಗೆ ವಿಂಟರ್ ಟೈರಿನ ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ. ಬ್ರೇಕ್ ಹಾಕಿದರೆ ಕಾರು ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ. ದುಡ್ಡು ಕೊಟ್ಟು ಅಪಾಯ ತಂದುಕೊಂಡ ಹಾಗೆ.

ಹಾಗಾದರೆ ಮಳೆಗೆ? ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲದ ಸಂಗತಿ ಒಂದಿದೆ. ಬೇಸಿಗೆ ಟೈರ್ ಅಂದರೆ ಒಣ ರಸ್ತೆಯ ಟೈರ್ ಅಂತ ಅರ್ಥ ಅಲ್ಲ. ಬೆಚ್ಚಗಿನ ಹವೆಯ ಮಳೆಯಲ್ಲಿ ನೆನೆದ ಡಾಂಬರಿನ ಮೇಲೆ ಬೇಗ ನಿಲ್ಲುವುದು ಸಾಮಾನ್ಯವಾಗಿ ಒಳ್ಳೆಯ ಬೇಸಿಗೆ ಟೈರೇ. ನಮ್ಮ ಜುಲೈ ಮಳೆ ಇಪ್ಪತ್ತರ ಮೇಲಿನ ಡಿಗ್ರಿಯಲ್ಲಿ ಸುರಿಯುವಂಥದ್ದು. ಅಂಗಡಿಯಲ್ಲಿ ಆಲ್ ಸೀಸನ್ ಅಂತ ಕೊಡುವ ಇಲ್ಲಿನ ಮಾಮೂಲಿ ಟೈರುಗಳಲ್ಲಿ ಹೆಚ್ಚಿನವು ಯುರೋಪಿನ ಲೆಕ್ಕದಲ್ಲಿ ಬೇಸಿಗೆ ಟೈರಿನ ಜಾತಿಗೇ ಸೇರುತ್ತವೆ. ನಮಗೆ ಬೇಕಾದ್ದೂ ಅದೇ. ಹಾಗಾಗಿ ಹೆಸರಿನ ಬಗ್ಗೆ ತಲೆ ಕೆಡಿಸಿಕೊಳ್ಳುವ ಬದಲು ಟೈರ್ ನೀರನ್ನು ಎಷ್ಟು ಹೊರಗೆ ತಳ್ಳುತ್ತದೆ ಅಂತ ನೋಡಬೇಕು.

ಒಂದು ಸಣ್ಣ ಲೆಕ್ಕ ಹಾಕೋಣ. ಆಯನೂರು ದಾಟಿ ಆನಂದಪುರದ ಕಡೆ ಹೋಗುತ್ತಿದ್ದೀರಿ. ಮಳೆ ಜೋರಾಗಿದೆ, ರಸ್ತೆ ಮೇಲೆ 3 ಮಿಲಿಮೀಟರ್ ನೀರು ನಿಂತಿದೆ. ಸಣ್ಣ ಕಾರಿನ ಟೈರ್ ನೆಲಕ್ಕೆ ತಾಗುವ ಅಗಲ 130 ಮಿಲಿಮೀಟರ್ ಅಂತ ಇಟ್ಟುಕೊಳ್ಳಿ. ಗಂಟೆಗೆ 80 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 22 ಮೀಟರ್. ಮೂರನ್ನೂ ಗುಣಿಸಿದರೆ ಸೆಕೆಂಡಿಗೆ ಎಂಟೂವರೆ ಲೀಟರ್ ನೀರು. ಮುಂದಿನ ಒಂದೊಂದು ಟೈರೂ ಪ್ರತಿ ಸೆಕೆಂಡೂ ಅಷ್ಟು ನೀರನ್ನು ಬದಿಗೆ ಹಾಕಿ, ಕೆಳಗಿನ ಡಾಂಬರನ್ನು ಹುಡುಕಿಕೊಳ್ಳಬೇಕು. ಆ ನೀರು ಹೋಗುವುದು ಬಟನ್‌ಗಳ ನಡುವಿನ ಕಾಲುವೆಯಲ್ಲಿ. ಜಾಗ ಸಾಲದೆ ಹೋದರೆ ನೀರು ಟೈರಿನ ಕೆಳಗೇ ಸಿಕ್ಕಿಕೊಂಡು ಕಾರನ್ನು ಎತ್ತುತ್ತದೆ. ಇದಕ್ಕೆ ಅಕ್ವಾಪ್ಲೇನಿಂಗ್ ಅನ್ನುತ್ತಾರೆ. ಸ್ಟಿಯರಿಂಗ್ ಒಮ್ಮೆಲೇ ಹಗುರವಾದ ಹಾಗೆ ಅನ್ನಿಸಿದರೆ ಅದೇ. ಆಗ ಬ್ರೇಕ್ ತುಳಿಯಬೇಡಿ, ಸ್ಟಿಯರಿಂಗ್ ಎಳೆದಾಡಬೇಡಿ. ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ಮೆಲ್ಲಗೆ ತೆಗೆಯಿರಿ. 40ರಲ್ಲಿ ಹೋದರೆ ಟೈರ್ ತಳ್ಳಬೇಕಾದ ನೀರೂ ಅರ್ಧಕ್ಕೆ ಇಳಿಯುತ್ತದೆ.

ಹೊಸ ಟೈರಿನ ಕಾಲುವೆ ಸುಮಾರು 7–8 ಮಿಲಿಮೀಟರ್ ಆಳ ಇರುತ್ತದೆ. ಕಾನೂನಿನ ಪ್ರಕಾರ 1.6 ಮಿಲಿಮೀಟರಿಗಿಂತ ಕಮ್ಮಿ ಆಗಬಾರದು. ಅಷ್ಟು ಎತ್ತರದ ಸಣ್ಣ ದಿಬ್ಬಗಳನ್ನು ಕಂಪನಿಯವರೇ ಕಾಲುವೆಯೊಳಗೆ ಅಲ್ಲಲ್ಲಿ ಮಾಡಿಟ್ಟಿರುತ್ತಾರೆ. ಬಟನ್ ಸವೆದು ದಿಬ್ಬದ ಸಮಕ್ಕೆ ಬಂದರೆ ಟೈರ್ ಮುಗಿಯಿತು. ಇದು ಮುಗಿಯುವ ಗೆರೆ, ಮಲೆನಾಡಿನ ಮಳೆಗೆ ಸಾಕಾಗುವ ಗೆರೆ ಅಲ್ಲ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಜಾಸ್ತಿ ಮಳೆ ಬೀಳುವ ಆಗುಂಬೆಯ ಕಡೆ ಓಡಾಡುವವರು 3 ಮಿಲಿಮೀಟರಿಗೆ ಇಳಿದಾಗಲೇ ಬದಲಾಯಿಸುವುದು ಒಳ್ಳೆಯದು. ಮನೆ ಹಂಚು ಕೈಯಾಡಿಸಿ, ಸೌದೆ ಒಳಗೆ ಹಾಕುವ ಮೇ ತಿಂಗಳಲ್ಲೇ ಇದನ್ನೂ ನೋಡಿಬಿಡಿ. ಮಿರಗದ ಮಳೆ ಹಿಡಿದ ಮೇಲೆ ಬೇಡ.

ಅಗಲದ ಟೈರ್ ಹಾಕಿಸುವ ಚಟ ಒಂದಿದೆ. 165 ಮಿಲಿಮೀಟರ್ ಅಗಲ ಇದ್ದ ಜಾಗಕ್ಕೆ 185 ಹಾಕಿಸಿದರೆ ಕಾರು ನೋಡಲು ಗಟ್ಟಿಮುಟ್ಟಾಗಿ ಕಾಣುತ್ತದೆ, ನಿಜ. ಆದರೆ ಅಗಲ ಜಾಸ್ತಿಯಾದಷ್ಟು ತಳ್ಳಬೇಕಾದ ನೀರೂ ಜಾಸ್ತಿ. ಹಗುರವಾದ ಕಾರಿನ ಕೆಳಗೆ ಅಗಲದ ಟೈರ್ ಬೇಗ ತೇಲುತ್ತದೆ. ಕಂಪನಿ ಕೊಟ್ಟ ಅಳತೆಯನ್ನೇ ಉಳಿಸಿಕೊಳ್ಳಿ ಅಂತ ನನ್ನ ಅಭಿಪ್ರಾಯ. ದೊಡ್ಡ ಬಟನ್ನಿನ ಆಲ್ ಟೆರೇನ್ ಟೈರ್ ಬೇರೆಯೇ ಸಾಮಾನು, ಆಲ್ ಸೀಸನ್ ಜೊತೆ ಅದನ್ನು ಕಲಸಬೇಡಿ. ಅದು ಜೀಪಿಗೆ, ಕಲ್ಲು ಮಣ್ಣಿನ ದಾರಿಗೆ.

ಗಾಳಿಯ ವಿಷಯಕ್ಕೂ ಒಂದು ತಪ್ಪು ನಂಬಿಕೆ ಇದೆ. 'ಮಳೆಗಾಲ ಅಲ್ವಾ, ಸ್ವಲ್ಪ ಗಾಳಿ ಕಮ್ಮಿ ಇರಲಿ, ಗ್ರಿಪ್ ಸಿಗುತ್ತೆ' ಅನ್ನುತ್ತಾರೆ. ಕೆಸರಿನಲ್ಲಿ ಹೂತುಕೊಂಡಾಗ ಅದು ನಿಜ. ನೀರು ನಿಂತ ಡಾಂಬರಿನಲ್ಲಿ ಉಲ್ಟಾ. ಗಾಳಿ ಕಮ್ಮಿಯಾದಷ್ಟು ಟೈರ್ ಬೇಗ ತೇಲುತ್ತದೆ. ಎಷ್ಟು ಗಾಳಿ ಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಅಲ್ಲೇ ಚೀಟಿಯಲ್ಲಿ ಬರೆದಿರುತ್ತದೆ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಅಷ್ಟು ತುಂಬಿಸಿದರೆ ಸಾಕು.

ಈಗ ಟೈರಿನ ಪಕ್ಕ ಬಗ್ಗಿ ಕೂತು ಓದೋಣ. ಕೆಮ್ಮಣ್ಣು ಮೆತ್ತಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳಿ. '165/80 ಆರ್ 14 85 ಟಿ' ಅಂತ ಇದೆ ಅನ್ನಿ. 165 ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ ಎಂಬತ್ತು. ಆರ್ ಅಂದರೆ ರೇಡಿಯಲ್, 14 ರಿಮ್ಮಿನ ಇಂಚು. 85 ಭಾರದ ಸಂಕೇತ, ಒಂದು ಟೈರ್ 515 ಕಿಲೋ ಹೊರುತ್ತದೆ. ಟಿ ಅಂದರೆ ಗಂಟೆಗೆ 190 ಕಿಲೋಮೀಟರ್ ವೇಗದವರೆಗೆ. ತೀರ್ಥಹಳ್ಳಿ ರಸ್ತೆಯಲ್ಲಿ ಅದು ಯಾರಿಗೂ ಬೇಕಾಗಿಲ್ಲ! ಕೆಲವು ಟೈರುಗಳ ಮೇಲೆ ಟ್ರಾಕ್ಷನ್ ಅಂತ ಬರೆದು ಮುಂದೆ ಎಎ, ಎ, ಬಿ, ಸಿ ಇವುಗಳಲ್ಲಿ ಒಂದು ಇರುತ್ತದೆ. ಒದ್ದೆ ರಸ್ತೆಯಲ್ಲಿ ನೇರ ಹೋಗುವಾಗ ಬ್ರೇಕ್ ಹಾಕಿದರೆ ಎಷ್ಟು ಹಿಡಿಯುತ್ತದೆ ಅನ್ನುವುದರ ದರ್ಜೆ ಅದು. ಎ ಅಥವಾ ಎಎ ಇದ್ದರೆ ತಗೊಳ್ಳಿ.

ಕೊನೆಗೆ ಮೊಟ್ಟೆಯಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ. '2324' ಅಂದರೆ 2024ರ 23ನೇ ವಾರ ಮಾಡಿದ್ದು. ಮಲೆನಾಡಿನ ಎಷ್ಟೋ ಮನೆಗಳ ಕಾರು ವಾರಕ್ಕೊಮ್ಮೆ ಪೇಟೆಗೆ, ಆಗೊಮ್ಮೆ ಮದುವೆ ಮುಂಜಿಗೆ ಹೋಗಿ ಬರುವಂಥದ್ದು. ಬಟನ್ ಹೊಸದರ ಹಾಗೇ ಇರುತ್ತದೆ, ರಬ್ಬರ್ ಮಾತ್ರ ಮುದಿಯಾಗಿರುತ್ತದೆ. ಐದು ವರ್ಷ ಆದ ಮೇಲೆ ವರ್ಷಕ್ಕೊಮ್ಮೆ ತೋರಿಸಿ, ಪಕ್ಕದಲ್ಲಿ ಸಣ್ಣ ಬಿರುಕು ಕಂಡರೆ ಬದಲಾಯಿಸಿ. ಹತ್ತು ವರ್ಷ ದಾಟಿದ್ದನ್ನು ನೋಡಲು ಚೆನ್ನಾಗಿದ್ದರೂ ಇಟ್ಟುಕೊಳ್ಳಬೇಡಿ.

ಎರಡೇ ಹೊಸ ಟೈರ್ ತಂದರೆ ಎಲ್ಲಿ ಹಾಕಬೇಕು? ಅಂಗಡಿಯ ಹುಡುಗ ಕೇಳದೆಯೇ ಮುಂದಕ್ಕೆ ಹಾಕುತ್ತಾನೆ. ಸಣ್ಣ ಕಾರುಗಳಲ್ಲಿ ಎಂಜಿನ್ನಿನ ಎಳೆತ ಮುಂದಿನ ಚಕ್ರಕ್ಕೇ ಇರುವುದು, ಬೇಗ ಸವೆಯುವುದೂ ಅವೇ, ಆದ್ದರಿಂದ ಅದು ಸರಿ ಅನ್ನಿಸುತ್ತದೆ. ಆದರೆ ಟೈರ್ ಕಂಪನಿಗಳು ಹೇಳುವುದು ಹಿಂದಕ್ಕೆ ಹಾಕಿ ಅಂತ. ಹುಲಿಕಲ್ ಘಾಟಿ ಇಳಿಯುವಾಗ ತಿರುವಿನಲ್ಲಿ ನೀರು ನಿಂತಿದೆ ಅಂತಿಟ್ಟುಕೊಳ್ಳಿ. ಮುಂದಿನ ಚಕ್ರ ಜಾರಿದರೆ ಕಾರು ತಿರುಗದೆ ನೇರ ಹೋಗಲು ನೋಡುತ್ತದೆ, ವೇಗ ಇಳಿಸಿದರೆ ಸಾಮಾನ್ಯವಾಗಿ ಮತ್ತೆ ಹಿಡಿತ ಸಿಗುತ್ತದೆ. ಹಿಂದಿನ ಚಕ್ರ ಜಾರಿದರೆ ಕಾರಿನ ಬೆನ್ನು ಬದಿಗೆ ಬಂದು ಇಡೀ ಕಾರು ಗರ್ರನೆ ತಿರುಗುತ್ತದೆ. ಅದನ್ನು ಸರಿಪಡಿಸಿಕೊಳ್ಳುವುದು ಪಳಗಿದವರಿಗೂ ಕಷ್ಟ. ಒಂದು ಪಕ್ಕ ಧರೆ, ಇನ್ನೊಂದು ಪಕ್ಕ ಕಣಿವೆ ಇರುವ ಕಡೆ ಅಂಥದ್ದು ಬೇಡವೇ ಬೇಡ. ಹಿಂದಕ್ಕೆ ಹಾಕಿಸಿ, ಹುಡುಗ ಗೊಣಗಿದರೆ ಗೊಣಗಲಿ.

ಮನೆ ಮುಂದಿನ ಕಾಂಕ್ರೀಟ್ ಏರಿನಲ್ಲಿ ಹಾವಸೆ ಕಟ್ಟಿ ಕಾರು ಹತ್ತದಿದ್ದರೆ ಯಾವ ಟೈರೂ ಏನೂ ಮಾಡಲಾರದು. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಬೇಕು, ಅಷ್ಟೇ.

ಬೆಟ್ಟದ ಗುರುತಿನ ಟೈರ್ ನಮ್ಮವರಿಗೆ ಬೇಕಾಗುವುದು ಚಳಿಗಾಲದಲ್ಲಿ ಕಾರು ತಗೊಂಡು ಮನಾಲಿಯ ಮೇಲಕ್ಕೋ ಕಾಶ್ಮೀರಕ್ಕೋ ಹೊರಟರೆ ಮಾತ್ರ. ಅದಕ್ಕೂ ಹೊಸ ಟೈರ್ ಕೊಳ್ಳುವ ಬದಲು ಅಲ್ಲಿನ ಟ್ಯಾಕ್ಸಿ ಹಿಡಿಯುವುದು ವಾಸಿ. ಡಿಕ್ಕಿಯೊಳಗಿನ ಸ್ಟೆಪ್ನಿಯನ್ನು ಮಾತ್ರ ಮರೆಯಬೇಡಿ. ಈಚಿನ ಕೆಲವು ಕಾರುಗಳಲ್ಲಿ ಅದು ಉಳಿದ ನಾಲ್ಕಕ್ಕಿಂತ ಸಣ್ಣದು, 80 ಕಿಲೋಮೀಟರ್ ವೇಗ ದಾಟಬೇಡಿ ಅಂತ ಅದರ ಮೇಲೇ ಬರೆದಿರುತ್ತದೆ. ಅದರ ನಾಲ್ಕು ಅಂಕಿಯನ್ನೂ ಒಮ್ಮೆ ಓದಿ. ಹೆಚ್ಚಿನ ಮನೆಗಳಲ್ಲಿ ಅದಕ್ಕೆ ಕಾರಿನಷ್ಟೇ ವಯಸ್ಸಾಗಿರುತ್ತದೆ, ಗಾಳಿಯೂ ಇರುವುದಿಲ್ಲ.